ಖಾಲೀಲ ಸಹಿ

ಜತ್ತ ಕೋರ್ಟಿನ ಎದುರು ಬೇವಿನ ಬುಡಕ್ಕ ನನ್ನ ಟೇಬಲ್ಲು.
ಕುಂಟ ಕಾಲಿಗೆ ಹಂಚಿನ ಚೂರು ಕೊಟ್ಟೀನಿ.
ಹದಿನಾರು ವರ್ಷ ಮಂದಿ ಆಣಿ-ಪ್ರಮಾಣ ಟೈಪು ಮಾಡೀನಿ.
ಎಲ್ಲಾ ಒಂದ ಸಾಲಿನಿಂದ ಸುರು:
ಮೀ ಖಾಲೀಲ ಸಹೀ ಕರಣಾರ.
ಮರಾಠಿಯಾಗ ಖಾಲೀಲ ಅಂದ್ರ ಕೆಳಗ.
ನನ್ನ ಕಿವಿಗೆ ಮಾತ್ರ ಇವತ್ತಿಗೂ
ಖಾಲಿಯೊಳಗ ಸಹಿ ಮಾಡೂ ನಾನು
ಅಂತನ ಕೇಳತೈತಿ.

ನಲವತ್ತೊಂದು ತುಂಬಿದ ಮ್ಯಾಲ
ಕಾಯ್ದೆ ಕಾಲೇಜಿನ ಪ್ರವೇಶ ಪರೀಕ್ಷಾಕ್ಕ ಕುಂಡ್ರಾಕಿ ನಾನು.
ಬಿ.ಎ. ಸರ್ಟಿಫಿಕೇಟು ಜ್ವಾಳದ ಡಬ್ಬಿ ತಳದಾಗ ಸಿಕ್ಕಿತು.
ದೊಡ್ಡ ವಕೀಲರು ನಕ್ಕರು:
"ಇಂದುಮತಿ, ನೀನೂ ಕರೀ ಕೋಟು ಹಾಕಿದ್ರ ನಮಗ ಟೈಪು ಮಾಡಾವ್ರು ಯಾರ?"
ಆ ಪ್ರಶ್ನಿಗೆ ನಾಕು ಆಯ್ಕೆ ಕೊಟ್ಟಿರಲಿಲ್ಲ. ಸುಮ್ಮನಾದೆ.

ರಾತ್ರಿ ಪಾಠ ಹೇಳಾಕಿ ಬಾಜೂ ಮನಿ ತಬಸ್ಸುಮ್,
ಹದಿನೇಳರ ಪೋರಿ, ತಾನೂ ಐದು ವರ್ಷದ ಕೋರ್ಸಿಗೆ ಓದಾಕತ್ತಾಳ.
"ಮೌಶಿ, ಮೊದಲ ನಿಯಮ ಓದು. ಆಮ್ಯಾಲ ಸಂಗತಿ.
ಕೊಟ್ಟಷ್ಟ ಖರೆ ಅಂತ ಹಿಡಿ. ಹೊರಗಿಂದೇನೂ ತರಬ್ಯಾಡ."

ನಿಯಮ: ಸಾಕಿದ ಜೀವ ಮೇಯ್ದದ್ದಕ್ಕ ಸಾಕಿದಾಂವ ಹೊಣೆ.
ಸಂಗತಿ: ಅ ಎಂಬಾತನ ಕುರಿ ಬ ಎಂಬಾತನ ಹೊಲ ಹೊಕ್ಕು...
ಅ ಯಾರಂತ ನನಗ ಗೊತ್ತೈತಿ.
ಮಾಡಗ್ಯಾಳದ ಸಿದರಾಯ. ಗಿಣಿಮೂಗಿನ ಕುರಿ ಅವು,
ಜೋತ ಕಿವಿ, ಬಿಳಿ ಮೈಮ್ಯಾಲ ಕಂದು ಮಚ್ಚಿ.
ಬೇಲಿ ಕಿತ್ತಾಂವ ಬ. ಕಿತ್ತು ತನ್ನ ಒಲಿಗೆ ಹಚ್ಚಿದಾಂವ ಬ.
ಆ ಕಾಗದ ನಾನ ಟೈಪು ಮಾಡೀನಿ, ಮೂರು ಪ್ರತಿ;
ಬೇಲಿ ಸಾಲು ವಕೀಲರು ಹೊಡದು ಹಾಕಸಿದ್ರು.
"ಪ್ರಶ್ನೆದಾಗ ಬೇಲಿ ಇಲ್ಲ ಮೌಶಿ," ಅಂತಾಳ ತಬಸ್ಸುಮ್.
ಇಲ್ಲ ಬಿಡು. ಅಲ್ಲೂ ಇರಲಿಲ್ಲ.

ಮರಾಠಿ ಪುಸ್ತಕದಾಗ ಕೂಳ ಅಂದ್ರ ಗೇಣಿಗೆ ಉಳಾಂವ.
ನಮ್ಮ ಬಾಯಾಗ ದೊಡ್ಡ ಕುಳ ಅಂದ್ರ ಹೊಲ ಇದ್ದಾಂವ.
ಕೊನಿಗೊಂದು ಕೊಂಬು ಹಚ್ಚಿದ್ರ ಕೂಳು, ಇಬ್ಬರೂ ಉಣ್ಣೂದು.
ಲ್ಯಾಟಿನ್ನು ಮಾತ್ರ ಹಗುರ. ಎಕ್ಸ್ ಪಾರ್ಟಿ ಅಂದ್ರ
ಉಮದಿಯೊಳಗ ಮುಂಜಾನಿ ಬಸ್ಸು ತಪ್ಪಿದಾಕಿ.

ಪರೀಕ್ಷಾ ಕಂಪ್ಯೂಟರಿನ ಮ್ಯಾಲಂತ. ಹಿಗ್ಗಿದೆ, ಬೆರಳು ಪಳಗ್ಯಾವು.
"ಕೀಬೋರ್ಡು ಮುಟ್ಟಂಗಿಲ್ಲ ಮೌಶಿ, ಬರೇ ಮೌಸು."
ಹಂಗಾದ್ರ ಒಂಬತ್ತು ಬೆರಳು ಹೊರಗ ಕುಂಡ್ರಬೇಕು
ಕರಿಯೂ ತನಕ ಕಾಯೂ ಸಾಕ್ಷಿಗಳ ಹಂಗ.
ತೋರಬೆರಳೊಂದ ಕಟಕಟಿ ಹತ್ತತೈತಿ.

"ಗೊತ್ತಿಲ್ಲದಿದ್ರೂ ಯಾವುದರ ಒಂದು ಒತ್ತು.
ತಪ್ಪಿದ್ರ ಅಂಕ ಕಡಿಯೂದಿಲ್ಲ. ಖಾಲಿ ಬಿಡಬ್ಯಾಡ."
ತಪ್ಪಿಗೆ ಕಡಿತ ಇಲ್ಲ!
ಎರಡು ಸಲ ಕೇಳಿ ಖಾತ್ರಿ ಮಾಡಕೊಂಡೆ.
ಬೇವಿನ ಬುಡಕ್ಕ ಬಂದಾವ್ರೊಳಗ ಒಬ್ಬರಿಗೂ
ಇಂಥಾ ರಿಯಾಯ್ತಿ ಸಿಕ್ಕಿದ್ದು ನಾ ಕಾಣೆ.
ಸಂಖದ ಗೌರಾಬಾಯಿ ಒಂದ ಹೆಬ್ಬೆಟ್ಟು
ಓದದ ಕಾಗದಕ್ಕ ಒತ್ತಿದ್ಲು. ಭಾಂವಿ ಹೋತು,
ಭಾಂವಿ ಸುತ್ತಿನ ಎರಡೆಕರೆ ಹೋತು.
ಕಾಗದ ಟೈಪು ಮಾಡಿದ ಕೈ ಯಾರದಂತ
ಅಕಿ ಕೇಳಲಿಲ್ಲ.
ಕೇಳಿದ್ರ ಹೇಳತಿದ್ದೆನೋ ಏನೋ.

ಅರ್ಜಿಗೆ ಸಹಿ ಬೇಕಂತ, ಬಿಳಿ ಹಾಳಿಮ್ಯಾಲ,
ಫೋಟೊ ತಗದು ಏರಸಾಕ.
ತಬಸ್ಸುಮ್ ಫೋನು ಹಿಡದು ನಿಂತಾಳ,
ತನ್ನ ತಲಿ ನೆರಳು ಬೀಳಧಂಗ ಸರಕೋಂತ.
ಮಂದಿಗೆ ಇಲ್ಲಿ ಮಾಡ್ರಿ, ಹಾಂ, ಇಲ್ಲಿ, ಅಂತ
ಗೆರಿ ತೋರಿಸಿದಾಕಿ ನಾನು.
ಈ ಹಾಳಿಗೆ ಗೆರಿ ಇಲ್ಲ.
ಖಾಲೀಲ ಅಂದ್ರ ಯಾವುದರ ಕೆಳಗ?
ಮ್ಯಾಲ ಯಾರೂ ಏನೂ ಬರದಿಲ್ಲ.

ಕನ್ನಡದಾಗ ಹಾಕಿದೆ.
ದು ಕೊಂಬು ಒಂದೀಟು ಉದ್ದಾತು.
"ಇರಲಿ ಮೌಶಿ," ಅಂದ್ಲು, "ಅಳಗ್ಯಾಡಬ್ಯಾಡ."